ಸಾಕು

ಮೆಲೋ ಊರಿನಲ್ಲಿ ಚಳಿ ಬರುವುದು ಜೂನ್ ತಿಂಗಳಿಗೆ.
ಬೆಳಗಿನ ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ,
ಯಾರೋ ಉಪ್ಪು ಚೆಲ್ಲಿ ಹೋದ ಹಾಗೆ.
ಅಡುಗೆಮನೆಯಲ್ಲಿ ಒಂದೇ ಬುರುಡೆ, ಒಂದೇ ಕೊಳವೆ.
ಕಹಿ ಸೊಪ್ಪಿಗೆ ಬಿಸಿನೀರು ಸುರಿದು
ಕೈಯಿಂದ ಕೈಗೆ ದಾಟಿಸುತ್ತೇವೆ.
ಅದರ ಹೆಸರು ಮಾತೆ.
ಮಾತಿಲ್ಲದವರೂ ಕೂತು ಕುಡಿಯಬಹುದು.

ಕಟ್ಟಳೆ ಒಂದೇ:
ಬುರುಡೆ ಹಿಂದಿರುಗಿಸುತ್ತ ಗ್ರಾಸಿಯಾಸ್ ಅಂದರೆ
ಸಾಕು ಎಂದರ್ಥ.
ಅಂದವರನ್ನು ಬಿಟ್ಟು ಅದು ಮುಂದಕ್ಕೆ ಹೋಗುತ್ತದೆ.

ಆ ವರ್ಷ ನನ್ನ ತಮ್ಮ ಗಾಸ್ಪರ್
ಮೊದಲ ಸುತ್ತಿಗೇ ಗ್ರಾಸಿಯಾಸ್ ಅನ್ನತೊಡಗಿದ.
ಹದಿನಾರು ವರ್ಷ.
ಎಷ್ಟು ಮರ್ಯಾದೆ ಕಲಿತಿದ್ದಾನೆ ನೋಡು, ಅಂದುಕೊಂಡೆವು.

ಮಾರ್ಚಿಯಲ್ಲಿ ಹೀಗಿರಲಿಲ್ಲ ಅವನು.
ಮೂರು ರಾತ್ರಿ ನಿದ್ದೆಯಿಲ್ಲದೆ
ಕೋಳಿಗೂಡಿಗೆ ನೀಲಿ ಬಳಿದ, ಎರಡು ಕೋಳಿಗೂ ಅಷ್ಟಿಷ್ಟು.
ಸೈಕಲ್ ಮಾರಿ ಅಕಾರ್ಡಿಯನ್ ತಂದ,
ನುಡಿಸಲು ಬಾರದು, ಆದರೂ ನುಡಿಸಿದ.
ನಾವು ಹೊಟ್ಟೆ ಹಿಡಿದು ನಕ್ಕೆವು.
ಆ ನಗು ಈಗಲೂ ಗಂಟಲಲ್ಲಿ ಮುಳ್ಳಿನಂತಿದೆ.

ಆಮೇಲೆ ಹಾಸಿಗೆ.
ಸೋಮಾರಿ ಅಂದರು ಗಣಿತದ ಮೇಷ್ಟ್ರು.
ವಯಸ್ಸು ಅಂದಳು ಪಕ್ಕದ ಮನೆಯ ನೆಲ್ಲಿ.
ಯಾವಳೋ ಕೈಕೊಟ್ಟಿರಬೇಕು ಅಂದೆ ನಾನು,
ಔಷಧಿ ಅಂಗಡಿಯ ಗಲ್ಲಾದಲ್ಲಿ ಕೂತು
ದಿನವೂ ಹತ್ತು ಮನೆಗೆ ಅದೇ ಮಾತ್ರೆ ಕಟ್ಟಿಕೊಡುವ ನಾನು.

ಕೇಳೋಣವೇ ಅವನನ್ನು, ಅಂದಾಗ
ತಾತ ವಿಲ್ಮಾರ್ ಬೆರಳು ತುಟಿಗಿಟ್ಟರು.
'ಹಾವಿನ ಹೆಸರು ಹೇಳಬಾರದು. ಬರುತ್ತದೆ.'
ಹೇಳಲಿಲ್ಲ. ಒಂದು ತಿಂಗಳು.
ಹಾವು ಆಗಲೇ ಒಳಗಿತ್ತು,
ಅವನ ಕಂಬಳಿಯ ಕೆಳಗೇ ಬೆಚ್ಚಗೆ ಸುತ್ತಿಕೊಂಡಿತ್ತು.

ಒಂದು ಭಾನುವಾರ ಥರ್ಮಾಸಿನ ಮುಚ್ಚಳ ತಿರುವುತ್ತ ಕೇಳಿಬಿಟ್ಟೆ,
ಬ್ರೆಡ್ ಉಳಿದಿದೆಯಾ ಅನ್ನುವ ದನಿಯಲ್ಲೇ:
'ಸಾಯಬೇಕು ಅನ್ನಿಸುತ್ತದಾ, ಗಾಸ್ಪರ್?'

ಆಕಾಶ ಬೀಳಲಿಲ್ಲ. ನಾಯಿ ಕೆರೆದುಕೊಂಡಿತು.
'ಹೂಂ,' ಅಂದ.
ಬಹಳ ಹೊತ್ತಾದ ಮೇಲೆ,
'ಒಳಗೊಂದು ರೇಡಿಯೋ, ಅಕ್ಕ.
ಸ್ಟೇಷನ್ ಸಿಗಲ್ಲ, ಬಂದ್ ಮಾಡಲೂ ಆಗಲ್ಲ.'
ಆಮೇಲೆ ಅತ್ತ. ಚಿಕ್ಕವನಿದ್ದಾಗ ಕಣಜ ಕಚ್ಚಿದ ದಿನ
ಅತ್ತಿದ್ದನಲ್ಲ, ಹಾಗೆ, ಬಾಯಿ ಬಿಟ್ಟು.

ಬಾಗಿಲ ಹಿಂದೆ ತಾತ ನಿಂತಿದ್ದರು.
ಒಂದು ಮಾತೂ ಆಡದೆ
ಗೋಡೆಯ ಮೇಲಿದ್ದ ನರಿ ಓಡಿಸುವ ಕೋವಿಯನ್ನಿಳಿಸಿ
ತಮ್ಮ ಪೋಂಚೋದಲ್ಲಿ ಕೂಸಿನಂತೆ ಸುತ್ತಿ
ಹನ್ನೊಂದು ಬೀದಿ ನಡೆದು ಠಾಣೆಗೆ ಕೊಟ್ಟು ಬಂದರು.
ರಸೀದಿ ಟೋಪಿಯೊಳಗೆ.
ಗೋಡೆಯಲ್ಲಿ ಒಂದು ಮೊಳೆ ಉಳಿಯಿತು,
ಅದರ ಕೆಳಗೆ ನಲವತ್ತು ವರ್ಷ ಬಿಸಿಲು ಕಾಣದ ಸುಣ್ಣದ ಉದ್ದನೆಯ ಗೆರೆ.

ಗುರುವಾರ ಡಾಕ್ಟರ್ ಇರಿಗೊಯೆನ್ ಬಂದರು.
ನೀಲಿ ಕೋಳಿಯ ಕಥೆಯನ್ನು ನಗದೆ ಕೇಳಿದ ಮೊದಲಿಗರು.
ಏರುವುದೂ ಇಳಿಯುವುದೂ ಒಂದೇ ಕಾಯಿಲೆ, ಅಂದರು,
ಬೈಪೋಲಾರ್ ಎಂದು ಬರೆದರು.
ಅವನು ಆ ಪದವನ್ನು ಎರಡು ಸಲ ಓದಿದ,
ಕಳೆದುಹೋದ ಸಾಮಾನಿನ ಪಟ್ಟಿಯಲ್ಲಿ
ತನ್ನದನ್ನು ಕಂಡವನ ಹಾಗೆ.

ವಾಸಿಯಾಯಿತು ಎಂದು ಬರೆಯಲಾರೆ.
ಆಗಸ್ಟಿನಲ್ಲಿ ಹತ್ತೊಂಬತ್ತು ದಿನ ವಾರ್ಡಿನಲ್ಲಿದ್ದ.
ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಸದಾ ಬಾಯಾರಿಕೆ,
ಗಣಿತ ಮತ್ತೆ ಫೇಲು.
ಕೆಲವು ರಾತ್ರಿ ಅವನ ಬಾಗಿಲಲ್ಲಿ ನಿಂತು
ಉಸಿರು ಎಣಿಸುತ್ತೇನೆ. ಅವನಿಗೆ ಗೊತ್ತು.
'ಹೋಗಿ ಮಲಗು, ಪೊಲೀಸು,' ಅನ್ನುತ್ತಾನೆ ಕತ್ತಲಲ್ಲಿ.

ಆ ಮೊಳೆಗೆ ಯಾರೂ ಏನನ್ನೂ ತೂಗುಹಾಕಿಲ್ಲ.
ಕೀಳಲೂ ಇಲ್ಲ.

ಈವತ್ತು ಬೆಳಿಗ್ಗೆ ನಾಲ್ಕನೆಯ ಸುತ್ತು.
ಮಾತ್ರೆಯಿಂದ ನಡುಗುವ ಕೈ, ಮೊಣಕಾಲಿಗೆ ಒಂದಿಷ್ಟು ಚೆಲ್ಲಿಕೊಂಡ,
ಬೈದುಕೊಂಡ, ಕೊಳವೆ ಗೊರಗೊರ ಅನ್ನುವವರೆಗೆ ಹೀರಿ
ಬುರುಡೆಯನ್ನು ನನ್ನತ್ತ ಚಾಚಿದ.

ಕಾದೆ.
ಏನೂ ಅನ್ನಲಿಲ್ಲ.

ನೀರು ಸುರಿದೆ.